ಹುರಿದದ್ದು ಬೇರೆ, ಹೊಗೆಯಾಡಿದ್ದು ಬೇರೆ

ಕಪ್ಪು ಬಿಯರ್ ಯಾವುದೇ ಇರಲಿ, ಮೊದಲ ಗುಟುಕಿಗೇ ‘ಹೊಗೆ ವಾಸನೆ’ ಎಂದುಬಿಡುವುದು ನಮ್ಮವರಲ್ಲಿ ರೂಢಿಯಾಗಿದೆ. ನೈರೋಬಿಯಲ್ಲಿ ಕಪ್ಪು ಬಿಯರ್ ಎಂದರೆ ಬಹುಮಟ್ಟಿಗೆ ಗಿನ್ನೆಸ್. ಈಸ್ಟ್ ಆಫ್ರಿಕನ್ ಬ್ರೂವರೀಸ್‌ನವರು ಅದನ್ನು ಇಲ್ಲಿಯೇ ತಯಾರಿಸುತ್ತಾರೆ. ಆ ಬಿಯರಿನಲ್ಲಿ ಹೊಗೆ ಎಂಬುದಿಲ್ಲ. ಅದರಲ್ಲಿರುವುದು ಕಾಫಿಬೀಜದ ಹಾಗೆ ಕಪ್ಪಗಾಗುವವರೆಗೆ ಹುರಿದ ಬಾರ್ಲಿ. ಹುರಿದದ್ದನ್ನು ಹೊಗೆಯಾಡಿದ್ದು ಎನ್ನುವುದು ಸಣ್ಣ ತಪ್ಪಿನಂತೆ ಕಾಣಬಹುದು. ಆದರೆ ಈ ಒಂದು ಗೊಂದಲದಿಂದಾಗಿ ನಿಜವಾಗಿ ಹೊಗೆ ಹಾಕಿ ಮಾಡಿದ ಬಿಯರ್ ಕೈಗೆ ಬಂದಾಗ ಅದನ್ನು ಅಳೆಯಲು ನಮ್ಮಲ್ಲಿ ಪದವೇ ಉಳಿದಿರುವುದಿಲ್ಲ. ಈ ಲೇಖನದ ಉದ್ದೇಶ ಆ ಪದಗಳನ್ನು ಮತ್ತೆ ನಮ್ಮ ಅಡುಗೆಮನೆಯಿಂದಲೇ ತರುವುದು. ಸಂಚಿಕೆಯ ಓದುಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಯರ್ ಮುಟ್ಟದವರೆಂದು ಬಲ್ಲೆ. ಅವರೂ ಓದಬಹುದು, ಇಲ್ಲಿ ಕೆಲಸ ಹೆಚ್ಚಾಗಿ ಮೂಗಿನದು.

ಕನ್ನಡದ ಅಡುಗೆಮನೆ ಬೆಂಕಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರಾಗಿ ಹುರಿಹಿಟ್ಟಿನ ವಾಸನೆ ಒಂದು. ಗೊಜ್ಜಿಗೆಂದು ಸುಟ್ಟ ಬದನೆಕಾಯಿಯದು ಇನ್ನೊಂದು. ತಳ ಹತ್ತಿ ಸೀದ ಹಾಲಿನದು ಮತ್ತೊಂದು. ಒಗ್ಗರಣೆ ಕರಕಲಾದರೆ ಬರುವ ಕಮಟು ಬೇರೆ. ಬಚ್ಚಲುಮನೆಯ ತಾಮ್ರದ ಹಂಡೆಗೆ ತೆಂಗಿನ ಸಿಪ್ಪೆ, ಸೌದೆ ಹಾಕಿ ಕಾಯಿಸಿದ ನೀರಿಗೆ ಹತ್ತುವ ಹೊಗೆವಾಸನೆ ಇವೆಲ್ಲಕ್ಕಿಂತ ಬೇರೆ. ಹುರಿ, ಸುಡು, ಸೀ, ಕಮರು, ಹೊಗೆಯಾಡು. ಐದೂ ಬೆಂಕಿಯ ಕೆಲಸವೇ, ಆದರೆ ಯಾವ ಅಜ್ಜಿಯೂ ಒಂದರ ಬದಲು ಇನ್ನೊಂದನ್ನು ಹೇಳುತ್ತಿರಲಿಲ್ಲ. ನಾವು ಇಂಗ್ಲಿಷಿನಲ್ಲಿ ಕುಡಿಯಲು ಕಲಿತೆವು. ಅಲ್ಲಿ ಎಲ್ಲಕ್ಕೂ ‘ಸ್ಮೋಕಿ’ ಎಂಬ ಒಂದೇ ಮಾತು ಸಾಕಾಯಿತು.

ರಸಾಯನಶಾಸ್ತ್ರವೂ ಅಜ್ಜಿಯ ಪಕ್ಷದಲ್ಲಿದೆ. ಹುರಿದಾಗ ಸಕ್ಕರೆಯೂ ಅಮೈನೋ ಆಮ್ಲವೂ ಸೇರಿ ಹೊಸ ವಾಸನೆಗಳು ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಲೂಯಿ ಕಮಿಲ್ ಮಯಾರ್ ನಮ್ಮ ವೃತ್ತಿಯವನೇ, ಫ್ರೆಂಚ್ ವೈದ್ಯ. ಹೊಗೆಯ ಹುಟ್ಟು ಕಾಳಿನಲ್ಲಲ್ಲ, ಸೌದೆಯಲ್ಲಿ. ಮರದ ಲಿಗ್ನಿನ್ ಸುಟ್ಟು ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಫೀನಾಲ್‌ಗಳು ಹೊರಬಂದು, ಒಣಗುತ್ತಿರುವ ಒದ್ದೆ ಕಾಳಿನ ಸಿಪ್ಪೆಗೆ ಅಂಟಿಕೊಳ್ಳುತ್ತವೆ. ಗ್ವಾಯಕಾಲ್ ವೈದ್ಯರಿಗೆ ಹಳೆಯ ಪರಿಚಯ. ಒಂದು ಕಾಲದಲ್ಲಿ ಕ್ಷಯದ ಕೆಮ್ಮಿಗೆ ಅದನ್ನೇ ಕೊಡುತ್ತಿದ್ದರು. ಇವತ್ತು ಔಷಧದಂಗಡಿಯಲ್ಲಿ ಸಿಗುವ ಕಫದ ಸಿರಪ್ಪುಗಳಲ್ಲಿರುವ ಗ್ವಾಯಫೆನೆಸಿನ್ ಅದರಿಂದಲೇ ತಯಾರಾದದ್ದು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುವ ಪರೀಕ್ಷೆಯ ಕಾಗದದಲ್ಲಿದ್ದದ್ದೂ ಗ್ವಾಯಕಮ್ ಮರದ ಅಂಟು. ಮೂರು ದಶಕ ಈ ವಾಸನೆಗಳ ನಡುವೆ ದುಡಿದವನಿಗೆ ನಿವೃತ್ತಿಯಾದ ಮೇಲೆ ಅದೇ ವಾಸನೆ ಗ್ಲಾಸಿನಲ್ಲಿ ಎದುರಾದರೆ ಕುತೂಹಲ ಹುಟ್ಟುವುದು ಸಹಜ.

ಒಂದು ತೊಡಕನ್ನು ಮಾತ್ರ ಒಪ್ಪಲೇಬೇಕು. ಬಹಳ ಹುರಿದರೆ ಕಾಳಿನೊಳಗೂ ಸ್ವಲ್ಪ ಗ್ವಾಯಕಾಲ್ ಹುಟ್ಟುತ್ತದೆ. ಕಾಫಿಯಲ್ಲೂ ಅದು ಇದೆ. ಆದ್ದರಿಂದ ಗಿನ್ನೆಸ್‌ನಲ್ಲಿ ಹೊಗೆಯ ನೆರಳು ಕಂಡಿತು ಎನ್ನುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಆದರೆ ನೆರಳನ್ನು ಮನುಷ್ಯನೆಂದು ಕರೆಯಬಾರದು.

ಹಿಂದೆ ಬಹುತೇಕ ಬಿಯರುಗಳಿಗೆ ಹೊಗೆ ತಪ್ಪಿದ್ದಲ್ಲ. ಮೊಳಕೆ ಬರಿಸಿದ ಬಾರ್ಲಿಯನ್ನು ಬೇಗ ಒಣಗಿಸಲು ಕೆಳಗೆ ಸೌದೆ ಉರಿಸುತ್ತಿದ್ದರು, ಹೊಗೆ ಕಾಳಿನ ನಡುವೆಯೇ ಹಾದುಹೋಗುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಕೋಕ್ ಬಳಕೆ ಶುರುವಾದ ಮೇಲೆ ಹೊಗೆಯಿಲ್ಲದ ತಿಳಿ ಮಾಲ್ಟ್ ಸಾಧ್ಯವಾಯಿತು. ಲಂಡನ್ನಿನ ಪೋರ್ಟರ್‌ಗೆ ಬಳಸುತ್ತಿದ್ದ ಕಂದು ಮಾಲ್ಟ್ ಮಾತ್ರ ಸೌದೆಯ ಉರಿಯಲ್ಲೇ ಉಳಿಯಿತು. ಆ ಹೊಗೆ ತಗ್ಗಲೆಂದೇ ಬಿಯರನ್ನು ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಇಡುತ್ತಿದ್ದರು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಕಾಫಿ ಹುರಿಯುವ ಯಂತ್ರದಂಥ ಸಿಲಿಂಡರಿನಲ್ಲಿ ಮಾಲ್ಟ್ ಹುರಿಯಲು ಪೇಟೆಂಟ್ ಪಡೆದ. ಸ್ಟೌಟ್ ಹೊಗೆಯನ್ನು ಬಿಟ್ಟು ಹುರಿದ ರುಚಿಗೆ ಹೊರಳಿದ್ದು ಅಲ್ಲಿಂದ. ಇಂದಿನ ‘ಸ್ಮೋಕ್ಡ್ ಸ್ಟೌಟ್’ ಹಳೆಯ ಸಂಪ್ರದಾಯದ ಮುಂದುವರಿಕೆಯಲ್ಲ, ಕಳೆದುಹೋದದ್ದನ್ನು ಬೇಕೆಂದೇ ಮರಳಿ ಹಾಕಿದ್ದು. ರುಚಿ ನೋಡುವಾಗ ಇದು ನೆನಪಿರಲಿ: ಕಪ್ಪು ಬಿಯರಿಗೆ ಈಗ ಹೊಗೆ ಅತಿಥಿ. ಅತಿಥಿಯ ನಡತೆ ಹೇಗಿದೆ ಎಂದು ನೋಡಬೇಕು.

ಮುಂದುವರಿಕೆ ಬೇಕಾದರೆ ಜರ್ಮನಿಯ ಬಾಂಬೆರ್ಗ್‌ಗೆ ಹೋಗಬೇಕು. ಅಲ್ಲಿ ಶ್ಲೆಂಕೆರ್ಲಾ, ಸ್ಪೆಜಿಯಾಲ್ ಎಂಬ ಎರಡು ಬಿಯರ್ ಮನೆಗಳು ಇವತ್ತಿಗೂ ತಾವೇ ಬೀಚ್ ಮರದ ಸೌದೆ ಉರಿಸಿ ಮಾಲ್ಟ್ ಒಣಗಿಸುತ್ತವೆ. ಶ್ಲೆಂಕೆರ್ಲಾ ಎಂಬ ಹೆಸರು ಹಿಂದಿನ ಒಬ್ಬ ಯಜಮಾನನ ಓಲಾಡುವ ನಡಿಗೆಯಿಂದ ಬಂದದ್ದಂತೆ. ಅಪಘಾತದಿಂದಲೋ ತನ್ನ ಸರಕಿನಿಂದಲೋ ಎಂಬುದನ್ನು ಪರೀಕ್ಷೆ ಮಾಡದೆ ಹೇಳಲಾರೆ. ಅವರ ಮೆರ್ಟ್ಸೆನ್ ಬಿಯರ್ ಶೇ. 5.1ರದ್ದು, ಗಾಢ ಕಂದು ಬಣ್ಣದ್ದು. ಗ್ಲಾಸಿಗೆ ಸುರಿದ ತಕ್ಷಣ ಕೋಣೆಯ ಆಚೆ ಕೂತವರೂ ತಿರುಗಿ ನೋಡುವಷ್ಟು ವಾಸನೆ. ಆದರೆ ಬಾಯಲ್ಲಿ ಅದು ಒರಟಲ್ಲ. ಹೊಗೆಯ ಕೆಳಗೆ ಬ್ರೆಡ್ಡಿನ ಹೊರಪದರದಂಥ ಸಿಹಿಯಿದೆ, ಕೊನೆಗೆ ಕಹಿ ಬಂದು ಬಾಯನ್ನು ಚೊಕ್ಕ ಮಾಡುತ್ತದೆ. ಸ್ಪೆಜಿಯಾಲ್‌ನದು ಇನ್ನೂ ಮೆತ್ತಗಿನದು. ನಾನು ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಸ್ಪೆಜಿಯಾಲನ್ನು ಆರಿಸುತ್ತೇನೆ, ಆದರೆ ಮೊದಲ ಸಲ ರುಚಿ ನೋಡುವವರಿಗೆ ಶ್ಲೆಂಕೆರ್ಲಾವನ್ನೇ ಕೊಡುತ್ತೇನೆ. ಹೊಗೆ ಎಂದರೇನೆಂದು ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಯಬೇಕಲ್ಲ.

ಪಾಶ್ಚಾತ್ಯ ರುಚಿಕಾರರು ಈ ಬಿಯರಿನ ಬಗ್ಗೆ ಬರೆಯುವಾಗ ಹತ್ತರಲ್ಲಿ ಒಂಬತ್ತು ಮಂದಿ ‘ಬೇಕನ್’ ಎನ್ನುತ್ತಾರೆ. ಅವರಿಗೆ ಅದು ನಿಜ. ಅವರ ಬೆಳಗಿನ ತಿಂಡಿಯಲ್ಲಿ ಹೊಗೆ ಹಾಕಿದ ಹಂದಿಮಾಂಸ ಇತ್ತು. ನಮ್ಮವರು ಕೂಡ, ಹುಟ್ಟಿನಿಂದ ಸಸ್ಯಾಹಾರಿಗಳಾಗಿದ್ದವರು ಕೂಡ, ಗ್ಲಾಸು ಮೂಸಿ ‘ಬೇಕನ್’ ಎಂದು ತಲೆಯಾಡಿಸುವುದನ್ನು ಕಂಡಿದ್ದೇನೆ. ತಿನ್ನದ ಪದಾರ್ಥದ ನೆನಪು ಮೂಗಿಗೆ ಎಲ್ಲಿಂದ ಬಂತು? ಇದು ರುಚಿಯಲ್ಲ, ಕಂಠಪಾಠ. ಕಳೆದ ವರ್ಷ ಐದಾರು ಮಂದಿ ಕೂತು ಒಂದೇ ಬಾಟಲಿ ಹಂಚಿಕೊಂಡಾಗ, ಇಂಗ್ಲಿಷ್ ಪದ ಬಳಸಬಾರದೆಂಬ ಷರತ್ತು ಹಾಕಿದೆ. ಕೊಡಗಿನವರೊಬ್ಬರು ಒಲೆಯ ಮೇಲೆ ತೂಗುಹಾಕಿದ ಮಾಂಸ ಎಂದರು; ಅವರಿಗೆ ಆ ಹಕ್ಕು ಇದೆ. ತೀರ್ಥಹಳ್ಳಿಯ ಕಡೆಯ ಒಬ್ಬ ತಾಯಿ, ಒಂದು ಹನಿಯನ್ನೂ ಕುಡಿಯದೆ ಬರೀ ಮೂಸಿ, ‘ಇದು ಹಂಡೆ ನೀರು’ ಎಂದರು. ಮುಂದೆ ಯಾರೂ ಮಾತಾಡಬೇಕಾಗಲಿಲ್ಲ. ನಾನು ಓದಿದ ಯಾವ ಇಂಗ್ಲಿಷ್ ವಿಮರ್ಶೆಯೂ ಅಷ್ಟು ನೇರವಾಗಿರಲಿಲ್ಲ.

ನಮ್ಮಲ್ಲಿ ಪಾನೀಯಗಳ ಬಗ್ಗೆ ಗಂಭೀರವಾಗಿ ಬರೆಯುವ ಪರಂಪರೆಯೇ ಇಲ್ಲವೆಂದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ, ಪಾನೀಯಭೋಗ ಎಂದು ಬೇರೆಬೇರೆ ಪ್ರಕರಣಗಳಿವೆ. ಹೊಸಗನ್ನಡದಲ್ಲಿ ಹೆಂಡಕ್ಕೆ ದೊಡ್ಡ ಹೆಸರು ತಂದದ್ದು ‘ರತ್ನನ ಪದಗಳು’. ಬರೆದ ಜಿ.ಪಿ. ರಾಜರತ್ನಂ ಸ್ವತಃ ಹೆಂಡ ಮುಟ್ಟದವರು. ಅಲ್ಲಿ ಕುಡುಕನಿದ್ದಾನೆ, ಅವನ ಮನಸ್ಸಿದೆ. ಹೆಂಡದ ರುಚಿ ಇಂಥದ್ದು ಎಂಬ ವಿವರಣೆ ಅದರ ಕೆಲಸವಲ್ಲ. ಕುಡಿತದ ಬಗ್ಗೆ ನಮ್ಮಲ್ಲಿ ಹಾಡಿದೆ, ಬೈಗುಳವಿದೆ, ವಿಮರ್ಶೆ ಕಡಿಮೆ.

ಶ್ಲೆಂಕೆರ್ಲಾದವರ ಒಂದು ಉಪದೇಶ ಪ್ರಸಿದ್ಧ. ಮೊದಲ ಗ್ಲಾಸು ವಿಚಿತ್ರವೆನಿಸಿದರೆ ನಿಲ್ಲಿಸಬೇಡಿ, ಮೂರನೆಯದರ ಹೊತ್ತಿಗೆ ಹಿಡಿಸುತ್ತದೆ ಎಂಬ ಅರ್ಥದ್ದು. ಶರೀರಶಾಸ್ತ್ರದ ದೃಷ್ಟಿಯಿಂದ ಇದು ಸರಿ. ಒಂದೇ ವಾಸನೆಗೆ ಒಡ್ಡಿಕೊಂಡ ಮೂಗು ಬೇಗ ದಣಿಯುತ್ತದೆ. ಹೊಗೆ ಹಿಂದೆ ಸರಿದು ಅದರ ಕೆಳಗಿದ್ದ ಮಾಲ್ಟಿನ ಸಿಹಿ ಮುಂದೆ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಅರ್ಧ ಲೀಟರ್ ಬಿಯರ್, ಶೇ. 5.1 ಎಂದರೆ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ಮೂರು ಗ್ಲಾಸಿಗೆ 60 ಗ್ರಾಂ. ಒಂದೇ ಕೂಟದಲ್ಲಿ ಅತಿಕುಡಿತ ಎನ್ನಲು ವಿಶ್ವ ಆರೋಗ್ಯ ಸಂಸ್ಥೆ ಎಳೆದಿರುವ ಗೆರೆ ಸರಿಯಾಗಿ ಅದೇ 60 ಗ್ರಾಂ! ಬಿಯರ್ ಮನೆಯ ಉಪದೇಶ ಪಾಲಿಸಿದರೆ ವೈದ್ಯನ ಪುಸ್ತಕದಲ್ಲಿ ರೋಗಿಯಾಗುತ್ತೀರಿ. ಮೂಗು ದಣಿಯಲು ಬೇಕಾದದ್ದು ಸಮಯ, ಪ್ರಮಾಣವಲ್ಲ. ನೂರು ಮಿಲಿಲೀಟರನ್ನು ಅಗಲ ಬಾಯಿಯ ಗ್ಲಾಸಿಗೆ ಹಾಕಿಕೊಂಡು, ಹತ್ತು ನಿಮಿಷ ಆಗಾಗ ಮೂಸುತ್ತ, ಸಣ್ಣ ಗುಟುಕು ಹಾಕಿ, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಮೂರು ಗ್ಲಾಸು ಕೊಡುವ ತಿಳಿವಳಿಕೆ ಅಷ್ಟರಲ್ಲೇ ಬರುತ್ತದೆ. ಮೂಗನ್ನು ಮತ್ತೆ ಎಚ್ಚರಿಸಬೇಕಾದರೆ ನಿಮ್ಮದೇ ಅಂಗಿಯ ತೋಳನ್ನು ಮೂಸಿದರೆ ಸಾಕು. ಕುಡಿಯದವರು ಈಗ ಶುರು ಮಾಡಬೇಕಾದ ಕಾರಣ ಒಂದೂ ಇಲ್ಲ. ಮದ್ಯ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಹೇಳಿದೆ, ಹೊಗೆ ಹಾಕಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಪೋಲೆಂಡಿನ ಗ್ರೊಡ್ಜಿಸ್ಕೆ ಎಂಬ ಬಿಯರಿನ ಮೇಲೆ ನನಗೆ ವಿಶೇಷ ಪ್ರೀತಿ ಇರುವುದು ಈ ಲೆಕ್ಕದಿಂದಲೇ. ಓಕ್ ಮರದ ಹೊಗೆಯಲ್ಲಿ ಒಣಗಿಸಿದ ಗೋಧಿಯದು, ಸುಮಾರು ಶೇ. 3ರದ್ದು, ಷಾಂಪೇನಿನ ಹಾಗೆ ಗುಳ್ಳೆ. ಗ್ರೊಡ್ಜಿಸ್ಕ್ ಊರಿನ ಬಿಯರ್ ಕಾರ್ಖಾನೆ 1993ರಲ್ಲಿ ಮುಚ್ಚಿ, 2015ರಲ್ಲಿ ಮತ್ತೆ ತೆರೆಯಿತು. ಹೊಗೆಯನ್ನು ಇಷ್ಟು ಹಗುರವಾಗಿ ಹೊತ್ತ ಪಾನೀಯ ಇನ್ನೊಂದನ್ನು ನಾನು ಕಂಡಿಲ್ಲ.

ಇನ್ನು ಹೊಗೆಯ ಸ್ಟೌಟ್, ಪೋರ್ಟರುಗಳು. ಅಮೆರಿಕದಲ್ಲಿ ಈ ಜಾತಿಗೆ ಮಾದರಿಯಾದದ್ದು ಅಲಾಸ್ಕಾದ ಜೂನೋ ಊರಿನ ಅಲಾಸ್ಕನ್ ಬ್ರೂಯಿಂಗ್‌ನವರು 1988ರಲ್ಲಿ ತಂದ ಸ್ಮೋಕ್ಡ್ ಪೋರ್ಟರ್. ಸಾಲ್ಮನ್ ಮೀನಿಗೆ ಹೊಗೆ ಹಾಕುವ ಜಾಗದಲ್ಲೇ ಆಲ್ಡರ್ ಮರದ ಹೊಗೆಯಲ್ಲಿ ಮಾಲ್ಟ್ ಸಿದ್ಧಮಾಡಿ ಶುರುವಾದದ್ದು. ಬಾಟಲಿಯ ಮೇಲೆ ವರ್ಷ ನಮೂದಿಸಿರುತ್ತದೆ, ಇಟ್ಟರೆ ಹದಗೊಳ್ಳುತ್ತದೆ. ಬೇರೆ ದೇಶಗಳಲ್ಲಿರುವ ಮಕ್ಕಳು ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ತಂದವು ನಮ್ಮ ಅಧ್ಯಯನದ ಸಾಮಗ್ರಿ. ನನ್ನ ತೀರ್ಮಾನ ಸ್ವಲ್ಪ ಕಠಿಣವಾಗಿಯೇ ಇದೆ: ಹೊಗೆಯ ಸ್ಟೌಟುಗಳಲ್ಲಿ ಹೆಚ್ಚಿನವು ಸೋಲುತ್ತವೆ. ಹುರಿದ ಕಾಳಿನ ಕಹಿಗೆ ಹೊಗೆಯ ಒಗರು ಸೇರಿದರೆ ಬಾಯಲ್ಲಿ ಬೂದಿ ಉಳಿಯುತ್ತದೆ. ಸಾರಿಗೆ ಇಂಗೂ ಹಾಕಿ ಬೆಳ್ಳುಳ್ಳಿಯನ್ನೂ ಸುರಿದ ಹಾಗೆ, ಯಾವುದೂ ಕೇಳಿಸುವುದಿಲ್ಲ. ಗೆದ್ದವುಗಳಲ್ಲೆಲ್ಲ ಒಂದು ಸಾಮಾನ್ಯ ಗುಣವಿದೆ. ಅವುಗಳಲ್ಲಿ ಹುರಿದ ಮಾಲ್ಟ್ ಕಡಿಮೆ, ಉಳಿದ ಸಿಹಿ ಹೆಚ್ಚು. ಹೊಗೆಗೆ ಒರಗಲು ಸಿಹಿಯ ಗೋಡೆ ಬೇಕು.

ಪೀಟ್ ಹೊಗೆಯ ಸ್ಟೌಟುಗಳ ಬಗ್ಗೆ ನನ್ನದು ವೈದ್ಯನ ಪಕ್ಷಪಾತ. ಪೀಟ್ ಎಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಕೊಳೆತ ಸಸ್ಯದ ಹೆಂಟೆ. ಸ್ಕಾಟ್ಲೆಂಡಿನ ಕೆಲವು ವಿಸ್ಕಿಗಳ ಗುರುತು ಅದೇ. ಅದರ ಹೊಗೆಯಲ್ಲಿ ಫೀನಾಲ್, ಕ್ರೆಸಾಲ್‌ಗಳು ಮುಂದಾಗಿರುತ್ತವೆ. ಫೀನಾಲ್ ಎಂದರೆ ಹಳೆಯ ಕಾರ್ಬಾಲಿಕ್ ಆಮ್ಲ, 1867ರಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೊಳೆಯದಂತೆ ಬಳಸಿ ತೋರಿಸಿದ್ದು. ವಿಸ್ಕಿಯಲ್ಲಿ ಅದಕ್ಕೊಂದು ಗಾಂಭೀರ್ಯವಿದೆ. ಬಿಯರಿನಲ್ಲಿ ನನಗೆ ಡ್ರೆಸ್ಸಿಂಗ್ ರೂಮಿನ ನೆಲ ಒರೆಸಿದ ನೀರು ನೆನಪಾಗುತ್ತದೆ. ಇಷ್ಟಪಡುವವರೊಡನೆ ಜಗಳವಿಲ್ಲ.

ಲೇಬಲ್ಲಿನಲ್ಲಿ ಹೊಗೆಯ ಮಾತೇ ಇಲ್ಲದೆ ಗ್ಲಾಸಿನಲ್ಲಿ ಹೊಗೆ ಬಂದರೆ ಏನು? ಇಲ್ಲಿ ಜ್ವರ ಬಂದವನನ್ನು ನೋಡುವ ಹಾಗೆ ನೋಡಬೇಕು. ಲಕ್ಷಣ ಒಂದೇ, ಕಾರಣ ಬೇರೆ ಬೇರೆ. ಕಾಫಿ, ಚಾಕೊಲೇಟಿನ ಜೊತೆ ಬಂದರೆ ಹುರಿದದ್ದರ ಫಲ. ಲವಂಗದ ವಾಸನೆ ಬೆರೆತಿದ್ದರೆ ಯೀಸ್ಟಿನ ಕೆಲಸ: ಗೋಧಿ ಬಿಯರಿನಲ್ಲಿ ಅದು ಸಹಜ, ಸ್ಟೌಟಿನಲ್ಲಿ ಕಾಡು ಯೀಸ್ಟ್ ನುಗ್ಗಿದೆಯೆಂಬ ಸಂಶಯಕ್ಕೆ ಕಾರಣ. ಬ್ಯಾಂಡೇಜು, ಪ್ಲಾಸ್ಟರಿನ ವಾಸನೆಯಾದರೆ ನಲ್ಲಿ ನೀರಿನ ಕ್ಲೋರಿನ್ ಫೀನಾಲ್ ಜೊತೆ ಸೇರಿ ಕ್ಲೋರೋಫೀನಾಲ್ ಆಗಿರಬೇಕು. ನೈರೋಬಿಯಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳ ಬಾಟಲಿಗಳಲ್ಲಿ ನಾನು ಹೆಚ್ಚು ಕಂಡದ್ದು ಈ ಕೊನೆಯದನ್ನೇ. ಅದನ್ನು ‘ಸ್ಮೋಕಿ’ ಎಂದು ಹೊಗಳಿ ಚಪ್ಪಾಳೆ ತಟ್ಟುವ ಸ್ನೇಹಿತರು ಉಪಕಾರ ಮಾಡುತ್ತಿಲ್ಲ. ನೀರನ್ನು ಮೊದಲು ಕುದಿಸಿ ಆರಿಸಿದರೆ ಅಥವಾ ಇದ್ದಿಲಿನ ಫಿಲ್ಟರಿಗೆ ಹಾಕಿದರೆ ಬಹುತೇಕ ಸರಿಹೋಗುತ್ತದೆ.

ಕೆನ್ಯಾದ ಬಾರಿನಲ್ಲಿ ಬಿಯರ್ ಕೇಳಿದರೆ ‘ಬರೀಡಿಯೋ, ಮೋಟೋವೋ’ ಎಂದು ಕೇಳುತ್ತಾರೆ. ತಣ್ಣಗಿನದೋ, ಹೊರಗಿಟ್ಟದ್ದೋ ಎಂದು. ಹೊರದೇಶದಿಂದ ಬಂದವರಿಗೆ ಈ ಪ್ರಶ್ನೆ ತಮಾಷೆ. ಆದರೆ ಕಪ್ಪು ಬಿಯರಿಗೆ, ಅದರಲ್ಲೂ ಹೊಗೆಯ ಬಿಯರಿಗೆ, ಸರಿಯಾದ ಉತ್ತರ ಮೋಟೋ. ಫ್ರಿಜ್ಜಿನ ತಣುವಿನಲ್ಲಿ ವಾಸನೆಯ ಕಣಗಳು ಮೇಲೇಳುವುದೇ ಇಲ್ಲ. 1,795 ಮೀಟರ್ ಎತ್ತರದ ಈ ಊರಿನಲ್ಲಿ ಜುಲೈ ತಿಂಗಳ ಸಂಜೆ ಕಪಾಟಿನಲ್ಲಿಟ್ಟ ಬಾಟಲಿ ತಾನಾಗಿಯೇ ಹದವಾದ ತಂಪಿನಲ್ಲಿರುತ್ತದೆ. ಹೊರಗಿಟ್ಟ ಗಿನ್ನೆಸ್ಸನ್ನೇ ಕೇಳಿ ಕುಡಿಯುವ ಇಲ್ಲಿಯ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಜೊತೆಗೆ ತಿನ್ನಲು ನ್ಯಾಮಾ ಚೋಮಾ ಎಂದು ಎಲ್ಲರೂ ಹೇಳುತ್ತಾರೆ. ಹೊಗೆಯ ಮೇಲೆ ಹೊಗೆ ನನಗೆ ಹೆಚ್ಚಾಯಿತು. ಬೀದಿಬದಿಯಲ್ಲಿ ಇದ್ದಿಲ ಮೇಲೆ ಸುಟ್ಟು ಖಾರ, ನಿಂಬೆಹುಳಿ ಸವರಿ ಕೊಡುವ ಮಹಿಂಡಿ ಚೋಮಾ, ಅಂದರೆ ನಮ್ಮ ಸುಟ್ಟ ಮುಸುಕಿನ ಜೋಳ, ಇದಕ್ಕಿಂತ ಒಳ್ಳೆಯ ಜೊತೆ. ಹುಳಿ ಹೊಗೆಯನ್ನು ಕತ್ತರಿಸುತ್ತದೆ.

ಹೊಗೆಯನ್ನು ಇಷ್ಟು ಹೊಗಳುತ್ತಿರುವಾಗ ಒಂದು ಮಾತು ಹೇಳದಿರುವುದು ವೈದ್ಯನಿಗೆ ಕಷ್ಟ. ಅಡುಗೆಮನೆಯ ಹೊಗೆಯಿಂದಾಗುವ ಕಾಯಿಲೆಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೀಡಿ ಸಿಗರೇಟು ಮುಟ್ಟದ, ಐವತ್ತು ದಾಟದ ಹೆಂಗಸರು ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತ ನನ್ನೆದುರು ಕೂತದ್ದು ಇಲ್ಲಿಯೂ ಉಂಟು, ಊರಿನಲ್ಲಿಯೂ ಉಂಟು. ಹಂಡೆ ನೀರಿನ ನೆನಪು ಮೀಯುವವನಿಗೆ ಸವಿ. ಒಲೆ ಊದಿದವಳ ಶ್ವಾಸಕೋಶದಲ್ಲಿ ಅದು ಇನ್ನೊಂದು ಕಥೆ.

ಈ ದೇಶಕ್ಕೆ ತನ್ನದೇ ಹೊಗೆಯ ರುಚಿ ಇದೆ, ಮತ್ತು ನಮ್ಮ ಕೂಟಗಳಲ್ಲಿ ಅದರ ಪ್ರಸ್ತಾಪವೇ ಬರುವುದಿಲ್ಲ. ಕಲೆಂಜಿನ್ ಜನರ ಮುರ್ಸಿಕ್ ಅದರಲ್ಲಿ ಮೊದಲನೆಯದು. ಓಟದಲ್ಲಿ ಗೆದ್ದು ಬಂದವರಿಗೆ ವಿಮಾನ ನಿಲ್ದಾಣದಲ್ಲಿ ಕುಡಿಸುವುದನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ಸೆನ್ನಾ ಜಾತಿಯ ಗಿಡದ ಕಡ್ಡಿ ಸುಟ್ಟು, ಆ ಕೆಂಡದಿಂದ ಸೋರೆಬುರುಡೆಯ ಒಳಮೈಯನ್ನು ಉಜ್ಜಿ, ಅದರಲ್ಲಿ ಹಾಲು ಹುಳಿಯಿಸುತ್ತಾರೆ. ಬೂದುನೀಲಿ ಬಣ್ಣ, ಗಟ್ಟಿ ಮೊಸರಿನ ಹುಳಿ, ಹಿಂದಿನಿಂದ ತೆಳುವಾದ ಹೊಗೆ. ಹುಳಿಯೂ ಹೊಗೆಯೂ ಎಷ್ಟು ಚೆನ್ನಾಗಿ ಒಗ್ಗುತ್ತವೆ ಎಂಬುದನ್ನು ಬಿಯರ್ ತಯಾರಕರು ಇಲ್ಲಿ ಕಲಿಯಬಹುದಿತ್ತು. ಆದರೆ ಪಶ್ಚಿಮ ಕೆನ್ಯಾದಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚು. ಮುರ್ಸಿಕ್‌ನಲ್ಲಿ ಅಸಿಟಾಲ್ಡಿಹೈಡ್ ಇರುವುದನ್ನು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಕಾರಣ ಅದೊಂದೇ ಎನ್ನಲಾಗದು. ನಾನು ರುಚಿ ನೋಡುತ್ತೇನೆ, ದಿನವೂ ಕುಡಿಯುವುದಿಲ್ಲ.

ಎರಡನೆಯದು ಬುಸಾ. ಕಾಕಮೆಗಾ, ಬುಂಗೋಮಾ ಕಡೆಯ ಲುಹ್ಯಾ ಜನರ ಬಿಯರ್. ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಕೆಲವು ದಿನ ಹುಳಿಯಿಡುತ್ತಾರೆ, ಆಮೇಲೆ ಸೌದೆ ಒಲೆಯ ಮೇಲಿನ ಅಗಲ ತಗಡಿನಲ್ಲಿ ಪುಡಿಪುಡಿಯಾಗಿ ಹುರಿದು ಒಣಗಿಸುತ್ತಾರೆ. ಅದನ್ನು ನೀರಿಗೆ ಹಾಕಿ, ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಹಿಟ್ಟು ಬೆರೆಸಿ ಮತ್ತೆ ಹುದುಗಿಸುತ್ತಾರೆ. ಹೌದು, ರಾಗಿಯೇ, ಸ್ವಾಹಿಲಿಯಲ್ಲಿ ವಿಂಬಿ. ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಮನುಷ್ಯ ಪಳಗಿಸಿದ ಈ ಕಾಳೇ ಕಡಲು ದಾಟಿ ನಮ್ಮ ಮುದ್ದೆಯಾದದ್ದು. ಊರಿನಲ್ಲಿ ಮೊಳಕೆ ರಾಗಿಯ ಹಿಟ್ಟನ್ನು ಎಳೆಮಕ್ಕಳಿಗೆ ಕುದಿಸಿ ಕುಡಿಸುತ್ತೇವೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಗಂಜಿಯನ್ನು ತೆಳುವಾಗಿಸಿ ಸಿಹಿ ಮಾಡುತ್ತದೆ. ಬುಸಾದಲ್ಲಿ ನಡೆಯುವುದೂ ಅದೇ ಕೆಲಸ, ಮುಂದಿನ ಹೆಜ್ಜೆ ಯೀಸ್ಟಿನದು. ಮದ್ಯಾಂಶ ಕಡಿಮೆ, ಗ್ರೊಡ್ಜಿಸ್ಕೆಯ ಆಸುಪಾಸು.

ಇಂಥ ಪಾನೀಯ ಚರಂಡಿ ಪಕ್ಕದ ಗುಡಿಸಿಲಿನ ಮಾಲೆಂದು ಹೆಸರು ಪಡೆದದ್ದು ಅದರ ರುಚಿಯಿಂದಲ್ಲ. 1922ರಲ್ಲಿ ಹರ್ಸ್ಟ್ ಸಹೋದರರು ಕೆನ್ಯಾ ಬ್ರೂವರೀಸ್ ಶುರುಮಾಡಿದ ಕಾಲದಲ್ಲಿ ಬಾಟಲಿ ಬಿಯರ್ ಬಿಳಿಯರದ್ದು. ನಗರದ ಆಫ್ರಿಕನ್ನರಿಗೆ ನಗರಸಭೆಯ ಬಿಯರ್ ಹಾಲ್. ಮನೆಯಲ್ಲಿ ತಯಾರಿಸಿ ಮಾರುವ ಹೆಂಗಸು ಅಪರಾಧಿ. ಸ್ವಾತಂತ್ರ್ಯ ಬಂದ ಮೇಲೂ ಗುಮಾನಿ ಹೋಗಲಿಲ್ಲ. ಭಟ್ಟಿ ಇಳಿಸಿದ ಚಂಗಾ 1980ರ ಕಾಯ್ದೆಯಿಂದ ನಿಷೇಧಕ್ಕೊಳಗಾಯಿತು, 2010ರ ಕಾಯ್ದೆಯಿಂದ ಷರತ್ತುಗಳೊಡನೆ ಸಕ್ರಮವಾಯಿತು. ಮೆಥನಾಲ್ ಬೆರೆತ ಚಂಗಾದ ಕುರುಡು, ಸಾವು ನಿಜ. ಅದರ ಭಯ ನ್ಯಾಯವಾದದ್ದು. ಆದರೆ ಭಟ್ಟಿಯೇ ಇಳಿಸದ ಬುಸಾವನ್ನು ಚಂಗಾದ ಜೊತೆ ಒಂದೇ ಉಸಿರಿನಲ್ಲಿ ಬೈಯುವುದು, ಮಜ್ಜಿಗೆಯನ್ನು ಸಾರಾಯಿಯ ಜೊತೆ ಕಟ್ಟಿದ ಹಾಗೆ. ಬಾಂಬೆರ್ಗಿನ ಬಿಯರಿಗೆ ಪೆಟ್ಟಿಗೆಯಲ್ಲಿ ಜಾಗ ಮಾಡುವ ನಮ್ಮವರು ಬುಸಾ ಎಂದರೆ ಮೂಗು ಮುಚ್ಚುತ್ತಾರೆ, ಮೂಸುವುದಕ್ಕೆ ಮೊದಲೇ.

ಅದನ್ನೂ ಅದೇ ಕ್ರಮದಲ್ಲಿ ವಿಮರ್ಶಿಸಬಹುದು, ವಿಮರ್ಶಿಸಬೇಕು. ಒಳ್ಳೆಯ ಬುಸಾದಲ್ಲಿ ಮೊದಲು ಬರುವುದು ಹುಳಿ, ಹುಳಿಬಂದ ದೋಸೆಹಿಟ್ಟಿನ ಚುರುಕು. ಆಮೇಲೆ ಹುರಿಹಿಟ್ಟಿನ ವಾಸನೆ. ನುಂಗಿದ ಮೇಲೆ ಮೂಗಿನ ಹಿಂಬದಿಯಲ್ಲಿ, ಸೌದೆ ಒಣಗಿದ್ದಾಗಿದ್ದರೆ, ಒಂದು ಎಳೆ ಹೊಗೆ. ಸೌದೆ ಹಸಿಯಾಗಿದ್ದರೆ ಘಾಟು. ತಗಡಿನ ಮೇಲೆ ಕೈಯಾಡಿಸುವುದು ಒಂದು ನಿಮಿಷ ತಪ್ಪಿದರೆ ಸೀದ ಕಹಿ. ರಾಗಿ ಕಡಿಮೆಯಾದರೆ ತಿಳಿಗಂಜಿಯಂತೆ ಸಪ್ಪೆ. ನಾನು ಈವರೆಗೆ ರುಚಿ ನೋಡಿದ ಏಳೆಂಟರಲ್ಲಿ ಮೇಲಾದದ್ದು ಕಾಕಮೆಗಾ ಹತ್ತಿರದ ಒಂದು ಮನೆಯದು. ಹಿಟ್ಟು ಪೂರ್ತಿ ಕೆಂಪಾಗುವ ಮೊದಲೇ ಆ ಮನೆಯ ಅಜ್ಜಿ ತಗಡನ್ನು ಒಲೆಯಿಂದ ಇಳಿಸಿ, ಉಳಿದ ಕಾವಿನಲ್ಲಿಯೇ ಹುರಿದು ಮುಗಿಸಿದ್ದರು.